ಸೋಲ್ ನಗರದ ಬುಕ್‌ಚೋನ್, ಇನ್ಸಾದೋಂಗ್ ಓಣಿಗಳನ್ನು ಮಾರ್ಗದರ್ಶಕರಿಲ್ಲದೆ ನಡೆದು ನೋಡುವುದು ಹೇಗೆ?

ಪ್ರಶ್ನೆ: ಕೊತ್ರೂಡಿನ ಸೊಸೆ (ಪುಣೆ)

ಎಲ್ಲರಿಗೂ ನಮಸ್ಕಾರ. ನನ್ನ ಯಜಮಾನರು ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾರೆ. ಅಕ್ಟೋಬರ್ ಕೊನೆಯಲ್ಲಿ ಅವರು ಹತ್ತು ದಿನಗಳ ತರಬೇತಿಗೆಂದು ದಕ್ಷಿಣ ಕೊರಿಯಾಕ್ಕೆ ಹೋಗಬೇಕಾಗಿದ್ದು, ಜೊತೆಯಲ್ಲಿ ನಾನೂ ನನ್ನ ಅತ್ತೆಯವರೂ ಸ್ವಂತ ಖರ್ಚಿನಲ್ಲಿ ಹೊರಟಿದ್ದೇವೆ. ವೀಸಾ ಕೈಗೆ ಬಂದಾಗಿದೆ. ಸೋಲ್‌ನಲ್ಲಿ ನಮ್ಮಿಬ್ಬರಿಗೆ ಸಿಗುವುದು ಒಂದು ಸೋಮವಾರದ ಮಧ್ಯಾಹ್ನ ಮತ್ತು ಅದರ ಮರುದಿನ, ಅಂದರೆ ಮಂಗಳವಾರ ಪೂರ್ತಿ.

ಅತ್ತೆಯವರಿಗೆ ಅರವತ್ತೇಳು ವರ್ಷ. ಅವರು ಸಾಗರದ ಕಡೆಯ ತೊಟ್ಟಿ ಮನೆಯಲ್ಲಿ ಹುಟ್ಟಿ ಬೆಳೆದವರು. ಕಳೆದ ಎರಡು ವರ್ಷಗಳಿಂದ ಮೊಮ್ಮಗಳ ಜೊತೆ ಕುಳಿತು ಕೊರಿಯಾದ ಧಾರಾವಾಹಿಗಳನ್ನು ನೋಡುತ್ತ, ಕಥೆಗಿಂತ ಹೆಚ್ಚಾಗಿ ಅದರಲ್ಲಿ ಬರುವ ಹೆಂಚಿನ ಮನೆಗಳನ್ನೇ ಗಮನಿಸುತ್ತಾರೆ. “ಅಂಗಳ, ಜಗಲಿ ಎಲ್ಲ ಕಾಣ್ತದೆ, ಅಡುಗೆಮನೆ ಮಾತ್ರ ಎಲ್ಲಿದೆ ಅಂತ ಒಂದು ದಿನವೂ ತೋರಿಸಲಿಲ್ಲ” ಎಂಬುದು ಅವರ ದೂರು. ಮಳೆಗಾಲ ಮುಗಿದ ಮೇಲೆ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಕಸಬಾ ಪೇಠೆ, ಸದಾಶಿವ ಪೇಠೆಗಳಲ್ಲಿ ಉಳಿದಿರುವ ಹಳೆಯ ವಾಡೆಗಳನ್ನು ನೋಡುತ್ತ ಅಲೆಯುವುದು ರೂಢಿ. ಅವರು ಒಂದು ಕಂಬದ ಕೆತ್ತನೆಯ ಮುಂದೆ ಕಾಲು ಗಂಟೆ ನಿಲ್ಲುವವರಾದ್ದರಿಂದ ಮಾರ್ಗದರ್ಶಕರು ಮತ್ತು ಇಪ್ಪತ್ತು ಜನರ ಗುಂಪು ನಮಗೆ ಹೊಂದುವುದಿಲ್ಲ. ಆದ್ದರಿಂದ ಸೋಲ್‌ನಲ್ಲಿಯೂ ನಮ್ಮ ಪಾಡಿಗೆ ನಾವೇ ನಡೆಯಬೇಕೆಂದುಕೊಂಡಿದ್ದೇವೆ.

ಹಳೆಯ ಹೆಂಚಿನ ಮನೆಗಳಿರುವ ಬುಕ್‌ಚೋನ್ ಮತ್ತು ಕರಕುಶಲ ಅಂಗಡಿಗಳ ಬೀದಿಯಾದ ಇನ್ಸಾದೋಂಗ್ ಎಂಬ ಎರಡು ಹೆಸರುಗಳು ಎಲ್ಲರ ಬಾಯಲ್ಲೂ ಬರುತ್ತವೆ. ಇವನ್ನು ಯಾವ ಕ್ರಮದಲ್ಲಿ ನೋಡಿದರೆ ಅನುಕೂಲ, ಅತ್ತೆಯವರ ಮಂಡಿನೋವಿಗೆ ಅಲ್ಲಿನ ಏರು ಹೆಚ್ಚಾಗುತ್ತದೆಯೇ, ಮೊಟ್ಟೆಯನ್ನೂ ಮುಟ್ಟದ ನಮಗೆ ಊಟ ಎಲ್ಲಿ ಸಿಗುತ್ತದೆ, ಮನೆಗಳ ಒಳಗೆ ಹೋಗಿ ನೋಡಲು ಬಿಡುತ್ತಾರೆಯೇ ಎಂಬುದನ್ನು ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಮುಲುಂಡಿನ ನಡಿಗೆಗಾರ (ಮುಂಬೈ)

ಮೇಡಂ, ಮೊದಲು ವಾರದ ಲೆಕ್ಕ ನೋಡಿಕೊಳ್ಳಿ, ಏಕೆಂದರೆ ನಿಮ್ಮ ಎರಡೂ ದಿನಗಳು ಅಲ್ಲಿ ರಜೆಯ ದಿನಗಳು. ಗ್ಯೋಂಗ್‌ಬೋಕ್‌ಗುಂಗ್ ಅರಮನೆಗೆ ಮಂಗಳವಾರ ರಜೆ. ಚಾಂಗ್‌ದೊಕ್‌ಗುಂಗ್ ಅರಮನೆಗೂ ಬುಕ್‌ಚೋನ್‌ನಲ್ಲಿ ಒಳಹೊಕ್ಕು ನೋಡಬಹುದಾದ ಬೇಕ್ ಇನ್-ಜೆ ಮನೆಗೂ ಸೋಮವಾರ ರಜೆ. ಇದನ್ನು ತಿಳಿಯದೆ ನಾನು ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಗ್ಯೋಂಗ್‌ಬೋಕ್‌ಗುಂಗ್‌ನ ಗ್ವಾಂಗ್‌ಹ್ವಾಮುನ್ ಹೆಬ್ಬಾಗಿಲಿನ ಮುಂದೆ ನಿಂತು, ಮುಚ್ಚಿದ ಬಾಗಿಲಿನ ಫೋಟೋ ತೆಗೆದುಕೊಂಡು ಮರಳಿದವನು. ಆದ್ದರಿಂದ ಸೋಮವಾರಕ್ಕೆ ಗ್ಯೋಂಗ್‌ಬೋಕ್‌ಗುಂಗ್ ಮತ್ತು ಇನ್ಸಾದೋಂಗ್, ಮಂಗಳವಾರಕ್ಕೆ ಬುಕ್‌ಚೋನ್ ಮತ್ತು ಚಾಂಗ್‌ದೊಕ್‌ಗುಂಗ್ ಎಂದು ಇಟ್ಟುಕೊಂಡರೆ ಎಲ್ಲವೂ ತೆರೆದಿರುತ್ತವೆ.

ಸೋಮವಾರ ಮಧ್ಯಾಹ್ನ ಎರಡಕ್ಕೆ ಗ್ವಾಂಗ್‌ಹ್ವಾಮುನ್ ಮುಂದೆ ಕಾವಲುಗಾರರು ಬದಲಾಗುವ ಸಮಾರಂಭವಿರುತ್ತದೆ, ಅಲ್ಲಿಂದಲೇ ಆರಂಭಿಸಿ. ಅರಮನೆಗೆ ಪ್ರವೇಶ ಶುಲ್ಕ 3,000 ವೋನ್. ಹಾನ್‌ಬೋಕ್ ಎಂಬ ಸಾಂಪ್ರದಾಯಿಕ ಉಡುಪು ಧರಿಸಿದವರಿಗೆ ಪ್ರವೇಶ ಉಚಿತ, ಆದರೆ ಬಾಡಿಗೆ ಉಡುಪಿನ ಖರ್ಚು ಟಿಕೆಟ್ಟಿಗಿಂತ ಎಷ್ಟೋ ಹೆಚ್ಚಾಗುವುದರಿಂದ ಅದನ್ನು ಉಳಿತಾಯವೆಂದು ಯಾರೂ ಭಾವಿಸಬೇಕಾಗಿಲ್ಲ. 1395ರಲ್ಲಿ ಕಟ್ಟಿದ ಈ ಅರಮನೆ 1592ರ ಜಪಾನ್ ದಂಡಯಾತ್ರೆಯ ಕಾಲದಲ್ಲಿ ಸುಟ್ಟುಹೋಯಿತು. ಶನಿವಾರ ವಾಡೆ 1828ರ ಬೆಂಕಿಯ ನಂತರ ಗೋಡೆ, ಬುರುಜು ಮಾತ್ರವಾಗಿ ಉಳಿದದ್ದನ್ನು ನೀವು ದಿನವೂ ನೋಡುತ್ತೀರಲ್ಲ, ಇದೂ ಹಾಗೆಯೇ ಸುಮಾರು 270 ವರ್ಷ ಪಾಳುಬಿದ್ದಿತ್ತು; ಆಮೇಲೆ 1867ರ ಹೊತ್ತಿಗೆ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಜಪಾನೀಯರ ಆಳ್ವಿಕೆಯಲ್ಲಿ ಮತ್ತೊಮ್ಮೆ ಬಹುಪಾಲು ಕಟ್ಟಡಗಳು ಹೋದವು. ಈಗ ಕಾಣುವುದರಲ್ಲಿ ಹೆಚ್ಚಿನದು 1990ರ ದಶಕದಿಂದ ನಡೆದಿರುವ ಪುನರ್ನಿರ್ಮಾಣ. ಒಳಗಿನ ನೆಲ ಸಮತಟ್ಟಾಗಿದೆ, ಆದರೆ ಮುಖ್ಯ ಸಭಾಂಗಣದ ಮುಂದಿನ ಅಂಗಳಕ್ಕೆ ಒರಟು ಚಪ್ಪಡಿಗಳನ್ನು ಹಾಸಿರುವುದರಿಂದ ಅತ್ತೆಯವರಿಗೆ ಮೆತ್ತನೆಯ ಅಡಿಯುಳ್ಳ ಬೂಟು ಇರಲಿ.

ಅಲ್ಲಿಂದ ನಿಧಾನವಾಗಿ ಕಾಲು ಗಂಟೆ ನಡೆದರೆ ಜೋಗ್ಯೆಸಾ ಬೌದ್ಧ ದೇವಾಲಯ, ಅದನ್ನು ದಾಟಿದರೆ ಇನ್ಸಾದೋಂಗ್. ಮುಖ್ಯ ಬೀದಿಯ ಉದ್ದ ಸುಮಾರು 700 ಮೀಟರು ಮಾತ್ರ, ಆದರೆ ಸತ್ವವಿರುವುದು ಎರಡೂ ಬದಿಗೆ ಕವಲೊಡೆಯುವ ಸಂದಿಗಳಲ್ಲಿ. ಕುಂಚ, ಮಸಿ, ಹಾಂಜಿ ಎಂಬ ಕೈಕಾಗದ, ಹಳೆಯ ಪಿಂಗಾಣಿ ಮಾರುವ ಅಂಗಡಿಗಳು ಅಲ್ಲಲ್ಲಿ ಉಳಿದುಕೊಂಡಿವೆ. ಬೀದಿಗೆ ಮುಖಮಾಡಿದ ಅಂಗಡಿಗಳಲ್ಲಿ ಕೀಲಿಗೊಂಚಲು, ಬೀಸಣಿಗೆಗಳೇ ಹೆಚ್ಚು. 2004ರಲ್ಲಿ ತೆರೆದ ಸ್ಸಮ್‌ಜಿಗಿಲ್ ಎಂಬ ಕರಕುಶಲ ಮಳಿಗೆಗಳ ಸಂಕೀರ್ಣವನ್ನು ಮಾತ್ರ ತಪ್ಪಿಸಬೇಡಿ, ಏಕೆಂದರೆ ಅಲ್ಲಿ ನಡುವಿನ ಅಂಗಳವನ್ನು ಸುತ್ತುತ್ತ ಇಳಿಜಾರು ದಾರಿಯೊಂದು ಮೇಲಿನವರೆಗೆ ಏರುವುದರಿಂದ ಮೆಟ್ಟಿಲು ಹತ್ತದೆಯೇ ಎಲ್ಲ ಅಂತಸ್ತುಗಳನ್ನೂ ನೋಡಬಹುದು.

ಮಂಗಳವಾರದ ಬುಕ್‌ಚೋನ್ ಮಾತ್ರ ಏರುಪೇರಿನ ಜಾಗ. ಹೆಚ್ಚಿನವರು ಮೆಟ್ರೋದ ಮೂರನೆಯ ಮಾರ್ಗದ ಆಂಗುಕ್ ನಿಲ್ದಾಣದಲ್ಲಿ ಇಳಿದು ಕೆಳಗಿನಿಂದ ಮೇಲಕ್ಕೆ ನಡೆಯುತ್ತಾರೆ. ನೀವು ಹಾಗೆ ಮಾಡಬೇಡಿ. ನಿಲ್ದಾಣದ ಬಳಿಯಿಂದ ಹೊರಡುವ ಜೋಂಗ್ನೊ 02 ಎಂಬ ಹಸಿರು ಬಣ್ಣದ ಚಿಕ್ಕ ಬಸ್ಸಿನಲ್ಲಿ ಗಾಹ್ವೆ-ದೋಂಗ್ ತನಕ ಹೋದರೆ ಏರಿನ ಬಹುಪಾಲು ತಪ್ಪುತ್ತದೆ. ಗಾಹ್ವೆ-ದೋಂಗ್‌ನ ಓಣಿಗಳನ್ನು ನೋಡಿ, ಬೇಕ್ ಇನ್-ಜೆ ಮನೆಯೊಳಗೆ ಸಾವಕಾಶವಾಗಿ ಒಂದು ಗಂಟೆ ಕಳೆದು, ಪೂರ್ವದ ಕಡೆಯ ಗ್ಯೆ-ದೋಂಗ್ ಬೀದಿಯಲ್ಲಿ ಇಳಿದು ಬನ್ನಿ. ಆ ಬೀದಿಯ ಬುಡದಲ್ಲಿ ಬುಕ್‌ಚೋನ್ ಸಾಂಸ್ಕೃತಿಕ ಕೇಂದ್ರವಿದೆ. ಅದೂ ಒಂದು ಹಳೆಯ ಮನೆಯೇ, ಉಚಿತವಾಗಿ ಒಳಗೆ ಹೋಗಬಹುದು, ನಕ್ಷೆಯೂ ಸಿಗುತ್ತದೆ. ಅಲ್ಲಿಂದ ಚಾಂಗ್‌ದೊಕ್‌ಗುಂಗ್ ಕೆಲವೇ ನಿಮಿಷಗಳ ದಾರಿ. 1405ರಲ್ಲಿ ಕಟ್ಟಿದ, 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಅರಮನೆ ನೆಲದ ಏರಿಳಿತಕ್ಕೆ ತಕ್ಕಂತೆ ಬಾಗುತ್ತ ಹೋಗುವುದರಿಂದ ನನಗೆ ದೊಡ್ಡ ಅರಮನೆಗಿಂತ ಹೆಚ್ಚು ಹಿಡಿಸಿತು. ಹಿಂದಿನ ಉದ್ಯಾನಕ್ಕೆ ಬೇರೆ ಟಿಕೆಟ್ಟು, ನಿಗದಿತ ಸಮಯ, ಮೇಲಾಗಿ ಸಾಕಷ್ಟು ಏರಿಳಿತ. ಮಂಡಿನೋವಿರುವವರು ಬಿಟ್ಟುಬಿಡುವುದೇ ಒಳ್ಳೆಯದು.

ಫೋನಿನ ವಿಷಯ: ನಾನು ಹೋದಾಗ ಗೂಗಲ್ ನಕ್ಷೆಯು ಅಲ್ಲಿ ನಡಿಗೆಯ ದಾರಿಯನ್ನೇ ತೋರಿಸುತ್ತಿರಲಿಲ್ಲ. ನೇವರ್ ಮ್ಯಾಪ್ ಅಥವಾ ಕಾಕಾವೋ ಮ್ಯಾಪ್ ಅನ್ನು ಪುಣೆಯಲ್ಲಿರುವಾಗಲೇ ಹಾಕಿಕೊಂಡು ಒಮ್ಮೆ ಅಭ್ಯಾಸ ಮಾಡಿಕೊಳ್ಳಿ. ಮೆಟ್ರೋ, ಬಸ್ಸು ಎರಡಕ್ಕೂ ನಡೆಯುವ ಟಿ-ಮನಿ ಕಾರ್ಡಿಗೆ ಹಣ ತುಂಬಲು ಕೈಯಲ್ಲಿ ಸ್ವಲ್ಪ ನೋಟುಗಳೂ ಇರಲಿ.

ಉತ್ತರ 2: ಮಾಂಡೋವಿ ದಡದವ (ಪಣಜಿ)

ಮೇಲಿನವರು ದಾರಿಯನ್ನು ಚೆನ್ನಾಗಿ ಹೇಳಿದ್ದಾರೆ, ಆದರೆ ಹೊತ್ತಿನ ವಿಷಯ ಬಿಟ್ಟುಹೋಗಿದೆ. ಗಾಹ್ವೆ-ದೋಂಗ್‌ನಲ್ಲಿ ಎಲ್ಲರೂ ಫೋಟೋ ತೆಗೆಯುವ ಬುಕ್‌ಚೋನ್-ರೋ 11-ಗಿಲ್ ಎಂಬ ಓಣಿ ಮತ್ತು ಅದರ ಸುತ್ತಲಿನ ಪ್ರದೇಶವನ್ನು ಅಲ್ಲಿನ ಜೋಂಗ್ನೊ ಜಿಲ್ಲಾಡಳಿತವು ಕೆಂಪು ವಲಯವೆಂದು ಗುರುತಿಸಿದೆ. ಪ್ರವಾಸಿಗರು ಅಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಇರಬಹುದು. ಈ ನಿಯಮವನ್ನು 2024ರ ನವೆಂಬರಿನಲ್ಲಿ ಪ್ರಾಯೋಗಿಕವಾಗಿ ತಂದು, 2025ರ ಮಾರ್ಚ್‌ನಿಂದ ಮೀರಿದವರಿಗೆ 1,00,000 ವೋನ್ ದಂಡ ಹಾಕಲು ಆರಂಭಿಸಿದರು. ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಗೂ ಹೆಚ್ಚೇ. ಬೆಳಗಿನ ಎಳೆಬಿಸಿಲಿನಲ್ಲಿ ಜನವಿಲ್ಲದ ಓಣಿಯ ಚಿತ್ರ ಸಿಗುತ್ತದೆಂದು ಹಳೆಯ ಪ್ರವಾಸ ಬರಹಗಳಲ್ಲಿ ಸಲಹೆಯಿರುತ್ತದೆ, ಅದನ್ನು ನಂಬಿ ಏಳಕ್ಕೇ ಹೊರಡಬೇಡಿ.

ನಾನು ಕುಮಟಾ ಕಡೆಯವನಾದರೂ ಹದಿನೆಂಟು ವರ್ಷಗಳಿಂದ ಇಲ್ಲಿ ಫೊಂಟೇನ್ಹಾಸ್ ಹತ್ತಿರವೇ ವಾಸವಾಗಿರುವುದರಿಂದ ಈ ನಿಯಮದ ಹಿಂದಿರುವ ಬೇಸರವು ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿಯೂ ಹಳದಿ, ನೀಲಿ ಗೋಡೆಯ ಮನೆಗಳ ಮುಂದೆ ಬೆಳಗಾದರೆ ಮದುವೆ ಜೋಡಿಗಳ ಫೋಟೋ ಆರಂಭವಾಗುತ್ತದೆ. ಯಾರದೋ ಮೆಟ್ಟಿಲ ಮೇಲೆ ಕುಳಿತವರನ್ನು ಏಳಿಸಿ ಮನೆಯವರೇ ಒಳಗೆ ಹೋಗಬೇಕಾದ ಸ್ಥಿತಿ ಬಂದು, ಈಗ ಹಲವು ಬಾಗಿಲುಗಳಲ್ಲಿ ಫೋಟೋ ತೆಗೆಯಬೇಡಿ ಎಂಬ ಫಲಕಗಳಿವೆ. ಬುಕ್‌ಚೋನ್‌ನಲ್ಲಿಯೂ ಹಾಗೆಯೇ ಗೋಡೆಗಳ ಮೇಲೆ ನಾಲ್ಕಾರು ಭಾಷೆಗಳಲ್ಲಿ “ಮೆಲ್ಲಗೆ ಮಾತನಾಡಿ” ಎಂದು ಬರೆದಿದ್ದಾರೆ. ನಾನು ನಿಂತಿದ್ದ ಜಾಗದ ಎದುರಿನ ಮನೆಯ ಮರದ ಬಾಗಿಲು ಒಂದು ಗೇಣು ತೆರೆಯಿತು. ಕೈಯಲ್ಲಿ ಕಸದ ಚೀಲ ಹಿಡಿದ ಒಬ್ಬ ವೃದ್ಧೆ ಹೊರಗೆ ಇಣುಕಿ, ಹತ್ತು ಹದಿನೈದು ಫೋನುಗಳು ತಮ್ಮ ಕಡೆಗೇ ತಿರುಗಿರುವುದನ್ನು ಕಂಡು, ಚೀಲದೊಡನೆ ಹಾಗೆಯೇ ಒಳಗೆ ಸರಿದು ಬಾಗಿಲು ಮುಚ್ಚಿಕೊಂಡರು. ನನ್ನ ಫೋನೂ ಆ ಹದಿನೈದರಲ್ಲಿ ಒಂದಾಗಿತ್ತು.

ಓಣಿಯ ಮನೆಗಳು ವಾಸದ ಮನೆಗಳಾದ್ದರಿಂದ ತೆರೆದ ಬಾಗಿಲು ಕಂಡರೂ ಒಳಗೆ ಕಾಲಿಡುವಂತಿಲ್ಲ. ನೋಡಲೆಂದೇ ತೆರೆದಿರುವ ಮನೆಗಳು ಬೇರೆ ಇವೆ. ಅವುಗಳಲ್ಲಿ 1913ರಲ್ಲಿ ಕಟ್ಟಿದ ಬೇಕ್ ಇನ್-ಜೆ ಮನೆಯೇ ದೊಡ್ಡದು; ಅದಕ್ಕೂ ಪ್ರವೇಶ ಉಚಿತ.

ಉತ್ತರ 3: ಸ್ಪಷ್ಟವಾದಿ (ಪಿಂಪ್ರಿ)

ಎಲ್ಲರೂ ಹೊಗಳುತ್ತಿರುವುದರಿಂದ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಬುಕ್‌ಚೋನ್ ಎಂದರೆ ಆರು ನೂರು ವರ್ಷಗಳ ಹಳೆಯ ಊರು ಎಂಬಂತೆ ಪ್ರಚಾರವಿದೆ. ನಿಜಕ್ಕೂ ಅಲ್ಲಿನ ಹೆಚ್ಚಿನ ಮನೆಗಳು 1930ರ ದಶಕದವು. ಅವುಗಳಲ್ಲಿಯೂ ಎಷ್ಟೋ ಮನೆಗಳನ್ನು ಈಚೆಗೆ ಬಿಚ್ಚಿ ಹೊಸ ಮರದಲ್ಲಿ ಕಟ್ಟಿದ್ದಾರೆ. ಸದಾಶಿವ ಪೇಠೆಯ ವಾಡೆಗಳನ್ನು ನೋಡಿ ಪಳಗಿದ ಕಣ್ಣಿಗೆ ಅದು ನಾಟಕದ ರಂಗಸಜ್ಜಿಕೆಯಂತೆ ಕಾಣಿಸಬಹುದು. ನಿಜವಾಗಿ ಹಳೆಯದನ್ನು ನೋಡಬೇಕೆಂದಿದ್ದರೆ ಸೋಲ್ ಬಿಟ್ಟು, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆಂದೋಂಗ್ ಬಳಿಯ ಹಾಹ್ವೆ ಗ್ರಾಮಕ್ಕೆ ಹೋಗಬೇಕು.

ಉತ್ತರ 4: ಮಾಟುಂಗಾದ ಹಳಬ (ಮುಂಬೈ)

ಸ್ಪಷ್ಟವಾದಿಗಳು ಹೇಳಿದ ಇಸವಿ ಸರಿ, ಆದರೆ ಅದರಿಂದ ಅವರು ತೆಗೆದ ತೀರ್ಮಾನವನ್ನು ಒಪ್ಪಲಾರೆ. ಹಾಹ್ವೆ ಸೋಲ್‌ನಿಂದ ದೂರವಾದ್ದರಿಂದ ಒಂದೂವರೆ ದಿನದ ಅವಕಾಶವಿರುವ ಈ ತಾಯಂದಿರಿಗೆ ಆ ಸಲಹೆ ಉಪಯೋಗಕ್ಕೂ ಬರುವುದಿಲ್ಲ.

ಬುಕ್‌ಚೋನ್ ಎಂದರೆ ಉತ್ತರದ ಊರು. ಚೊಂಗ್ಯೆಚೊನ್ ತೊರೆಗೆ ಉತ್ತರದಲ್ಲಿ, ಎರಡು ಅರಮನೆಗಳ ನಡುವೆ ಇದ್ದುದರಿಂದ ಜೋಸೊನ್ ರಾಜರ ಕಾಲದಲ್ಲಿ ಅಲ್ಲಿ ದೊಡ್ಡ ಅಧಿಕಾರಿಗಳ, ಸಿರಿವಂತ ಮನೆತನಗಳ ವಿಶಾಲವಾದ ನಿವೇಶನಗಳಿದ್ದವು. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿದ ಮೇಲೆ ಆ ಮನೆತನಗಳು ಕುಸಿದವು. ತೊರೆಯ ದಕ್ಷಿಣಕ್ಕೆ ನೆಲೆಸಿದ್ದ ಜಪಾನೀಯರು ಉತ್ತರಕ್ಕೂ ಹಬ್ಬತೊಡಗಿದರು. ಆಗ ಜೊಂಗ್ ಸೆ-ಗ್ವೊನ್ ಎಂಬ ಕಟ್ಟಡ ಉದ್ಯಮಿ ಆ ದೊಡ್ಡ ನಿವೇಶನಗಳನ್ನು ಕೊಂಡು, ಚಿಕ್ಕ ಚಿಕ್ಕ ತುಂಡುಗಳಾಗಿ ಹಂಚಿ, ನಡುವೆ ಅಂಗಳವಿರುವ, ಹಾನೋಕ್ ಎಂಬ ಸಾಂಪ್ರದಾಯಿಕ ರೀತಿಯ ಪುಟ್ಟ ಮನೆಗಳನ್ನು ಸಾಲಾಗಿ ಕಟ್ಟಿ ಸಾಮಾನ್ಯ ಕೊರಿಯನ್ನರಿಗೆ ಮಾರಿದರು. ಇಂದು ನಾವು ನೋಡುವ, ಸೂರಿಗೆ ಸೂರು ತಾಗಿದ ಆ ಓಣಿಗಳು ಹೀಗೆ ಹುಟ್ಟಿದವು. ಹೊರಗಿನವರು ಊರನ್ನು ತುಂಬುತ್ತಿದ್ದಾಗ ತಮ್ಮ ರೀತಿಯ ಮನೆಯಲ್ಲಿ ತಮ್ಮವರು ಉಳಿಯಲಿ ಎಂದು ಕಟ್ಟಿದ್ದನ್ನು ರಂಗಸಜ್ಜಿಕೆ ಎನ್ನುವುದು ಹೇಗೆ? ನಮ್ಮ ಗಿರಗಾಂವ್, ಮಾಟುಂಗಾಗಳ ಹಳೆಯ ಕಟ್ಟಡಗಳಲ್ಲಿಯೂ ಅದೇ ಕಾಲದವು ಎಷ್ಟೋ ಇವೆ, ಅವನ್ನು ಯಾರೂ ನಕಲಿ ಎನ್ನುವುದಿಲ್ಲ.

ಅದೇ ಜೊಂಗ್ ಸೆ-ಗ್ವೊನ್ ಅವರು 1935ರಲ್ಲಿ ಬುಕ್‌ಚೋನ್‌ನ ಹ್ವಾ-ದೋಂಗ್‌ನಲ್ಲಿ ಕೊರಿಯನ್ ಭಾಷಾ ಸಂಘಕ್ಕೆ ಒಂದು ಕಟ್ಟಡವನ್ನು ದಾನ ಮಾಡಿದರು. ತಮ್ಮ ಭಾಷೆಯ ನಿಘಂಟನ್ನು ಸಿದ್ಧಪಡಿಸುತ್ತಿದ್ದ ಆ ಸಂಘದವರನ್ನು 1942ರಲ್ಲಿ ಜಪಾನೀ ಆಡಳಿತ ಸೆರೆಹಿಡಿದು, ಹಸ್ತಪ್ರತಿಯನ್ನೂ ಕಸಿದುಕೊಂಡಿತು. ಜಪಾನಿನ ಆಳ್ವಿಕೆಯಿಂದ ದೇಶ ಬಿಡುಗಡೆಯಾದ ನಂತರ, 1945ರಲ್ಲಿ, ಆ ಹಸ್ತಪ್ರತಿ ಸೋಲ್ ರೈಲು ನಿಲ್ದಾಣದ ಉಗ್ರಾಣವೊಂದರಲ್ಲಿ ಪತ್ತೆಯಾಯಿತು. ಪರಊರಿನಲ್ಲಿ ಕನ್ನಡ ಸಂಘಕ್ಕೊಂದು ಸ್ವಂತ ಸೂರು ಮಾಡಿಕೊಳ್ಳಲು ಹಿರಿಯರು ಪಟ್ಟ ಪಾಡನ್ನು ಕಂಡಿರುವ ನಾನು ಹ್ವಾ-ದೋಂಗ್‌ನಲ್ಲಿ ಅರಮನೆಗಿಂತ ಹೆಚ್ಚು ಹೊತ್ತು ನಿಂತಿದ್ದೆ.

ಇನ್ನೊಂದು ಮಾತು. ಹೋಗುವ ಮೊದಲು ಹಾಂಗುಲ್ ಲಿಪಿಯನ್ನು ಓದಲು ಕಲಿತುಕೊಳ್ಳಿ. ಸೆಜೋಂಗ್ ರಾಜನು 1446ರಲ್ಲಿ ಪ್ರಕಟಿಸಿದ ಈ ಲಿಪಿಯಲ್ಲಿ ವ್ಯಂಜನಕ್ಕೆ ಸ್ವರವನ್ನು ಜೋಡಿಸಿ ಒಂದು ಅಕ್ಷರದ ಚೌಕ ಮಾಡುತ್ತಾರೆ. ಕಾಗುಣಿತ ಕಲಿತವರಿಗೆ ಇದು ಎರಡು ಮೂರು ಸಂಜೆಗಳ ಕೆಲಸ. ಇನ್ಸಾದೋಂಗ್‌ನಲ್ಲಿ ಅಮೆರಿಕದ ಕಾಫಿ ಅಂಗಡಿಯ ಫಲಕ ಕೂಡ ಹಾಂಗುಲ್‌ನಲ್ಲಿದೆ. ಅತ್ತೆಯವರು ಅದನ್ನು ಒಂದೊಂದೇ ಅಕ್ಷರ ಕೂಡಿಸಿ “ಸ್-ತಾ-ಬೊಕ್-ಸ್” ಎಂದು ಓದಿದರೆ ಆ ದಿನದ ನಡಿಗೆ ಬೇರೆಯೇ ಆಗುತ್ತದೆ.

ಉತ್ತರ 5: ಡಬ್ಬಿವಾಲಿ (ಚಿಂಚವಡ)

ಊಟದ ಬಗ್ಗೆ ನಾನು ಬರೆಯುತ್ತೇನೆ. ಕೊರಿಯಾದವರ ಜೊತೆ ಆರು ವರ್ಷ ಒಂದೇ ಕಚೇರಿಯಲ್ಲಿ ಕೆಲಸ ಮಾಡಿ, ಎರಡು ಬಾರಿ ಸೋಲ್‌ಗೆ ಹೋಗಿ ಬಂದಿದ್ದೇನೆ. ನಾನೂ ಶುದ್ಧ ಸಸ್ಯಾಹಾರಿ.

ಅಲ್ಲಿ ತರಕಾರಿಯಂತೆ ಕಾಣುವುದೆಲ್ಲ ಸಸ್ಯಾಹಾರವಲ್ಲ. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪುಹಾಕಿದ ಸೀಗಡಿ ಅಥವಾ ಮೀನಿನ ರಸ ಬೆರೆತಿರುತ್ತದೆ. ಹುದುಗಿಸಿದ ಸೋಯಾ ಮುದ್ದೆಯ ಸಾರು ನೋಡಲು ನಮ್ಮ ಹುಳಿಯಂತಿದ್ದರೂ ಅದರ ಬುಡದ ನೀರು ಹೆಚ್ಚಾಗಿ ಒಣಮೀನು ಬೇಯಿಸಿದ್ದು. “ಗೋಗಿ ಪ್ಪೆ ಜುಸೆಯೊ” ಎಂದರೆ ಮಾಂಸ ತೆಗೆದು ಕೊಡಿ ಎಂದರ್ಥ, ಆದರೆ ಅವರ ಲೆಕ್ಕದಲ್ಲಿ ಮೀನು ಆ ಮಾತಿನೊಳಗೆ ಬರುವುದಿಲ್ಲ. ಆದ್ದರಿಂದ ಮಾಂಸ, ಮೀನು, ಸೀಗಡಿ, ಮೊಟ್ಟೆ ಯಾವುದೂ ಬೇಡವೆಂದು ಕೊರಿಯನ್ ಭಾಷೆಯಲ್ಲಿ ಬರೆಸಿದ ಒಂದು ಚೀಟಿಯನ್ನು ನಿಮ್ಮ ಯಜಮಾನರ ಕಾರ್ಖಾನೆಯಲ್ಲಿರುವ ಕೊರಿಯನ್ನರಿಂದಲೇ ಪಡೆದುಕೊಳ್ಳಿ. ಬಿಬಿಂಬಾಪ್ ಎಂಬ, ಅನ್ನದ ಮೇಲೆ ಬಗೆಬಗೆಯ ಸೊಪ್ಪು ತರಕಾರಿ ಇಟ್ಟು ಕೊಡುವ ಊಟವನ್ನು ಈ ಚೀಟಿ ತೋರಿಸಿ ಕೇಳಿದರೆ ಹೆಚ್ಚಿನ ಕಡೆ ಸಿಗುತ್ತದೆ. ಅದರ ಕೆಂಪು ಗೊಜ್ಜನ್ನು ಬೇರೆ ಬಟ್ಟಲಲ್ಲಿ ಕೊಡಲು ಹೇಳಿ.

ಆದರೆ ಅತ್ತೆಯವರಿಗೆ ನಿಜವಾಗಿ ಹಿಡಿಸುವುದು ದೇವಾಲಯದ ಊಟ. ಕೊರಿಯಾದ ಬೌದ್ಧ ಭಿಕ್ಷುಗಳ ಅಡುಗೆಯಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿ ಮತ್ತು ಅವುಗಳ ಜಾತಿಯ ಸೊಪ್ಪುಗಳೂ ನಿಷಿದ್ಧ. ಏಕಾದಶಿಯ ಮರುದಿನದ ಮಠದ ಊಟ ನೆನಪಾಗುತ್ತದೆ. ಜೋಗ್ಯೆಸಾ ದೇವಾಲಯದ ಎದುರಿಗಿರುವ ಬಾಲ್ವೂ ಗೋಂಗ್ಯಾಂಗ್ ಎಂಬ ಭೋಜನಶಾಲೆಯನ್ನು ಆ ಬೌದ್ಧ ಪಂಥದವರೇ ನಡೆಸುತ್ತಾರೆ. ಬೆಲೆ ಸ್ವಲ್ಪ ಹೆಚ್ಚು, ಮುಂಗಡ ಕಾಯ್ದಿರಿಸಬೇಕು. ನಮಗೆ ಮೊದಲು ಬಂದದ್ದು ತೆಳ್ಳಗಿನ ಗಂಜಿ, ಆಮೇಲೆ ತಾವರೆಯ ದಂಟಿನ ಬಿಲ್ಲೆಗಳು, ಅಣಬೆ, ಕೊನೆಗೆ ತಾವರೆಯ ಎಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನ. ಆ ಎಲೆಯನ್ನು ಬಿಚ್ಚಿದಾಗ ಬಂದ ಹಬೆಯ ವಾಸನೆಗೆ ನನ್ನ ಅಮ್ಮ, “ಅರಿಶಿನ ಎಲೆಯ ಕಡುಬಿನ ಹಾಗೇ ಇದೆಯಲ್ಲೇ” ಎಂದರು.

ಇನ್ಸಾದೋಂಗ್‌ನ ಬೀದಿಯಲ್ಲಿ ಹೋತೊಕ್ ತಿನ್ನಿ. ಅದು ಬೆಲ್ಲದಂತಹ ಸಕ್ಕರೆ, ದಾಲ್ಚಿನ್ನಿ, ಬೀಜಗಳ ಹೂರಣವಿಟ್ಟು ಕಾವಲಿಯ ಮೇಲೆ ಒತ್ತಿ ಬೇಯಿಸಿದ ಅವರ ಹೋಳಿಗೆ; ಒಳಗಿನ ಪಾಕ ಕುದಿಯುತ್ತಿರುವುದರಿಂದ ಮೊದಲ ತುತ್ತಿಗೆ ನಾಲಿಗೆ ಸುಡುವುದು ಖಚಿತ. ಜೇನುತುಪ್ಪದ ಗಟ್ಟಿ ಉಂಡೆಯೊಂದನ್ನು ಹಿಟ್ಟಿನಲ್ಲಿ ಹೊರಳಿಸಿ, ಎಳೆದು, ಮಡಿಸಿ, ಮತ್ತೆ ಎಳೆದು, ಎರಡು, ನಾಲ್ಕು, ಎಂಟು ಎಂದು ಎಣಿಸುತ್ತ 16,384 ಎಳೆಗಳವರೆಗೆ ಹೋಗುವ ಹುಡುಗರನ್ನೂ ನೋಡಿ. ಹದಿನಾಲ್ಕೇ ಮಡಿಕೆ, ಲೆಕ್ಕ ಸರಿಯಾಗಿದೆ. ಚಹಾದಂಗಡಿಗೆ ಹೋದರೆ ಓಮಿಜಾ ಎಂಬ ಕೆಂಪು ಹಣ್ಣಿನ ಪಾನೀಯ ಕೇಳಿ, ಆದರೆ ಕೂರುವ ಮೊದಲೇ ಕುರ್ಚಿಯಿದೆಯೇ ಎಂದು ವಿಚಾರಿಸಿ. ಹಲವು ಕಡೆ ಬೂಟು ಬಿಚ್ಚಿ ನೆಲದ ಮೇಲೆಯೇ ಕೂರಬೇಕಾಗುತ್ತದೆ.

ಪ್ರತಿಕ್ರಿಯೆ: ಕೊತ್ರೂಡಿನ ಸೊಸೆ (ಪುಣೆ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞಳು. ಸೋಮವಾರ ಅರಮನೆ, ಮಂಗಳವಾರ ಬುಕ್‌ಚೋನ್ ಎಂದು ನಿರ್ಧರಿಸಿಯಾಯಿತು. ಊಟಕ್ಕೆ ಇಂದೇ ಕಾಯ್ದಿರಿಸುತ್ತೇನೆ. ಎಲ್ಲವನ್ನೂ ಅತ್ತೆಯವರಿಗೆ ಓದಿ ಹೇಳಿದೆ. “ಎಲ್ಲ ಹೇಳಿದರು, ಅಡುಗೆಮನೆ ಎಲ್ಲಿ ಅಂತ ಯಾರೂ ಹೇಳಲೇ ಇಲ್ಲ” ಎಂದರು.

ಉತ್ತರ 6: ಮಾಟುಂಗಾದ ಹಳಬ (ಮುಂಬೈ)

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಹಾನೋಕ್‌ನ ಅಡುಗೆಮನೆಯು ಮಲಗುವ ಕೋಣೆಗೆ ಅಂಟಿಕೊಂಡು, ಅದಕ್ಕಿಂತ ತಗ್ಗಿನಲ್ಲಿ ಇರುತ್ತದೆ. ಚಳಿದೇಶವಾದ್ದರಿಂದ ಅಡುಗೆಯ ಒಲೆಯ ಬೆಂಕಿ, ಹೊಗೆಗಳನ್ನು ಪಕ್ಕದ ಕೋಣೆಯ ಕಲ್ಲುಚಪ್ಪಡಿಗಳ ಅಡಿಯಲ್ಲಿ ಹಾಯಿಸಿ, ಆಚೆ ತುದಿಯ ಹೊಗೆಕೊಳವೆಯಿಂದ ಹೊರಗೆ ಬಿಡುತ್ತಿದ್ದರು. ನಮ್ಮ ಬಚ್ಚಲೊಲೆಯ ಶಾಖ ಹಂಡೆಗೆ ಹೋಗುವಂತೆ ಇಲ್ಲಿ ನೆಲಕ್ಕೆ ಹೋಗುತ್ತದೆ. ಇದಕ್ಕೆ ಓಂದೋಲ್ ಎಂದು ಹೆಸರು. ಶಾಖ ಮೇಲಕ್ಕೇರಬೇಕಾದರೆ ಒಲೆಯು ಕೋಣೆಯ ನೆಲಕ್ಕಿಂತ ಕೆಳಗಿರಬೇಕಲ್ಲ, ಅದಕ್ಕಾಗಿಯೇ ಅಡುಗೆಮನೆಯನ್ನು ಅಗೆದು ತಗ್ಗಿಸಿರುತ್ತಾರೆ. ಈಗ ವಾಸದ ಮನೆಗಳಲ್ಲಿ ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ, ಅಡುಗೆಮನೆಯೂ ಸಮತಟ್ಟಿಗೆ ಬಂದಿದೆ. ಹಳೆಯ ರೀತಿಯ ಅಡುಗೆಮನೆಯನ್ನು ಎಲ್ಲಿಯಾದರೂ ಕಂಡರೆ ಹೊಸ್ತಿಲು ಎತ್ತರವಾಗಿಯೂ ಒಳಗಿನ ನೆಲ ತಗ್ಗಾಗಿಯೂ ಇರುತ್ತದೆ. ಇಳಿಯುವಾಗ ಅತ್ತೆಯವರ ಕೈ ಹಿಡಿದುಕೊಳ್ಳಿ.